ಕೆಟ್ಟ ಕೊಂಡಿಗೆ ಕತ್ತರಿ ಹಾಕುವ ಮುನ್ನ

ಬೇರೊಂದು ಜಾಲತಾಣ ನಮ್ಮ ಜಾಲತಾಣಕ್ಕೆ ಕೊಡುವ ಕೊಂಡಿಯೇ ಬ್ಯಾಕ್‌ಲಿಂಕ್. 1998ರಲ್ಲಿ ಸ್ಟ್ಯಾನ್‌ಫರ್ಡ್‌ನ ಲ್ಯಾರಿ ಪೇಜ್ ಮತ್ತು ಸೆರ್ಗೈ ಬ್ರಿನ್ ಪ್ರಕಟಿಸಿದ, ಗೂಗಲ್ ಹುಡುಕಾಟಕ್ಕೆ ತಳಹದಿಯಾದ ಪೇಜ್‌ರ್‍ಯಾಂಕ್ ಪದ್ಧತಿ ಇದನ್ನು ಶಿಫಾರಸೆಂದು ಎಣಿಸಿತು. ಶಿಫಾರಸು ಮಾಡಿದವರ ತೂಕ ಹೆಚ್ಚಿದಷ್ಟೂ ಅದರ ಬೆಲೆ ಹೆಚ್ಚು. ಕಾಪು ಕಡಲತೀರದ ಹೋಂಸ್ಟೇಯೊಂದರ ಬಗ್ಗೆ ಮಣಿಪಾಲದ ‘ಉದಯವಾಣಿ’ ತಾನಾಗಿ ಬರೆದು ಕೊಂಡಿ ಕೊಟ್ಟರೆ, ಅದರ ಮುಂದೆ ಹೆಸರಿಲ್ಲದ ನೂರು ತಾಣಗಳ ಕೊಂಡಿ ಲೆಕ್ಕಕ್ಕಿಲ್ಲ.

ಶಿಫಾರಸಿಗೆ ಬೆಲೆ ಬಂದದ್ದೇ ಅದರ ಮಾರಾಟವೂ ಶುರುವಾಯಿತು. 2012ರ ಏಪ್ರಿಲ್ 24ರಂದು ಗೂಗಲ್ ‘ಪೆಂಗ್ವಿನ್’ ಎಂಬ ಬದಲಾವಣೆ ಜಾರಿಗೆ ತಂದಾಗ ಕೊಂಡಿ ಕೊಂಡುಕೊಂಡಿದ್ದ ಹಲವು ತಾಣಗಳು ಹುಡುಕಾಟದ ಪಟ್ಟಿಯಲ್ಲಿ ಕೆಳಗೆ ಕುಸಿದವು. ಬೇಡದ ಕೊಂಡಿಗಳನ್ನು ನಿರಾಕರಿಸುವ ‘ಡಿಸ್‌ಅವೌ’ ಸೌಲಭ್ಯ ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂತು. 2016ರ ಸೆಪ್ಟೆಂಬರ್‌ನಿಂದ ಪೆಂಗ್ವಿನ್ ಗೂಗಲ್‌ನ ಮೂಲ ವ್ಯವಸ್ಥೆಯ ಭಾಗವಾಗಿದ್ದು, ತಾಣವನ್ನು ಕೆಳಗಿಳಿಸುವ ಬದಲು ಕೆಟ್ಟ ಕೊಂಡಿಗಳ ಬೆಲೆಯನ್ನೇ ಕಳೆಯುತ್ತದೆ.

ಹಲವರು ಗಮನಿಸದ ಸಂಗತಿ ಇದೇ. ಎಲ್ಲಿಯದೋ ಭಾಷೆಯ, ಯಾವುದೋ ಜೂಜಿನ ತಾಣದಿಂದ ಬಂದ ಕೊಂಡಿ ಕಂಡೊಡನೆ ಗಾಬರಿ ಬೀಳಬೇಕಿಲ್ಲ. ಇಂಥ ಕಸ ಎಲ್ಲ ತಾಣಗಳಿಗೂ ಅಂಟುತ್ತದೆ, ಗೂಗಲ್ ಬಹುಪಾಲನ್ನು ತಾನೇ ಬದಿಗಿಡುತ್ತದೆ. ಕೊಂಡಿ ಪರಿಶೀಲಿಸುವ ಖಾಸಗಿ ಉಪಕರಣಗಳು ಕೆಂಪು ಬಣ್ಣದಲ್ಲಿ ತೋರಿಸುವ ‘ವಿಷ’ದ ಅಂಕ ಆಯಾ ಕಂಪನಿಯ ಲೆಕ್ಕಾಚಾರವೇ ಹೊರತು ಗೂಗಲ್‌ನದಲ್ಲ. ಅದನ್ನು ನಂಬಿ ನಿರಾಕರಣೆಯ ಪಟ್ಟಿ ಹಾಕಿದವರು ತಮಗೆ ಆಸರೆಯಾಗಿದ್ದ ಒಳ್ಳೆಯ ಕೊಂಡಿಗಳನ್ನೂ ಕಳೆದುಕೊಳ್ಳುವ ಅಪಾಯವಿದೆ.

ಚಿಕಿತ್ಸೆ ನಿಜವಾಗಿ ಬೇಕಾಗುವುದು ಎರಡೇ ಸಂದರ್ಭಗಳಲ್ಲಿ. ತಾಣದ ಒಡೆಯರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನ ‘ಮ್ಯಾನುಯಲ್ ಆ್ಯಕ್ಷನ್ಸ್’ ಪುಟದಲ್ಲಿ ಅಸಹಜ ಕೊಂಡಿಗಳ ಬಗ್ಗೆ ಸೂಚನೆ ಬಂದಿರಬೇಕು. ಇಲ್ಲವೇ ಹಿಂದೆ ದುಡ್ಡು ಕೊಟ್ಟು ಹಾಕಿಸಿದ ಕೊಂಡಿಗಳ ರಾಶಿಯಿಂದ ಅಂಥ ಕ್ರಮದ ಭಯವಿರಬೇಕು. ಸಂಬಂಧವೇ ಇಲ್ಲದ ನೂರಾರು ತಾಣಗಳಲ್ಲಿ ‘ಉಡುಪಿ ಮಠದ ಹತ್ತಿರ ಅಗ್ಗದ ರೂಮು’ ಎಂಬ ಒಂದೇ ಸಾಲು ಕೊಂಡಿಯಾಗಿ ಮರುಕಳಿಸಿದ್ದರೆ, ಅದು ಕೊಂಡದ್ದೆಂದು ಯಾರಿಗಾದರೂ ತಿಳಿಯುತ್ತದೆ.

ಮೊದಲು ಆ ತಾಣಗಳವರಿಗೆ ಪತ್ರ ಬರೆದು ಕೊಂಡಿ ತೆಗೆಸಬೇಕು, ಪತ್ರಗಳ ದಾಖಲೆ ಇಟ್ಟುಕೊಳ್ಳಬೇಕು. ತೆಗೆಸಲಾಗದೆ ಉಳಿದವು ಮಾತ್ರ ನಿರಾಕರಣೆಯ ಪಟ್ಟಿಗೆ. ಅದು ಸಾದಾ ಪಠ್ಯದ ಕಡತ, ಸಾಲಿಗೊಂದು ವಿಳಾಸ. ಗರಿಷ್ಠ 1,00,000 ಸಾಲು, 2 ಎಂಬಿ. ಹೊಸ ಕಡತ ಏರಿಸಿದರೆ ಹಳೆಯದು ಅಳಿದುಹೋಗುವುದರಿಂದ ಹಳೆಯ ಸಾಲುಗಳನ್ನೂ ಅದರಲ್ಲೇ ಸೇರಿಸಬೇಕು. ಗೂಗಲ್ ಕ್ರಮ ಕೈಗೊಂಡಿದ್ದರೆ ಇದಾದ ಮೇಲೆ ಮರುಪರಿಶೀಲನೆಗೆ ಕೋರಿಕೆ ಸಲ್ಲಿಸಬೇಕು.

ಕೆಟ್ಟ ಕೊಂಡಿಗಳಿರುವ ಪುಟಗಳಿಗೆ ಗೂಗಲ್ ಮತ್ತೆ ಭೇಟಿ ಕೊಟ್ಟಾಗಲಷ್ಟೇ ಪಟ್ಟಿ ಜಾರಿಗೆ ಬರುವುದರಿಂದ ವಾರಗಟ್ಟಲೆ ಹಿಡಿಯುತ್ತದೆ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ನಡೆಯುವ ಉಡುಪಿ ಮಠದ ಪರ್ಯಾಯ ಉತ್ಸವಕ್ಕೆ ಬರುವವರು ಕೋಣೆ ಹುಡುಕುವ ಹೊತ್ತಿಗೆ ತಾಣ ಮೇಲಿರಬೇಕಾದರೆ ಈ ಕೆಲಸ ಮಳೆಗಾಲದಲ್ಲೇ ಮುಗಿದಿರಬೇಕು. ಸ್ಥಳೀಯ ಸುದ್ದಿತಾಣಕ್ಕೆ ಜಾಹೀರಾತು ಕೊಡುವುದು ತಪ್ಪೇನಲ್ಲ. ಅದರಲ್ಲಿನ ಕೊಂಡಿಗೆ 2019ರಲ್ಲಿ ಬಂದ ‘ಸ್ಪಾನ್ಸರ್ಡ್’ ಗುರುತು ಹಾಕಿಸಿದರೆ ಸಾಕು.