ಬಾಗಿಲ ಬಳಿಯ ನಂಬಿಗಸ್ತಿಕೆ: ಯೋಹಾನನ ಮೂರನೆಯ ಪತ್ರಿಕೆಯ ಒಂದು ಓದು

ಯೋಹಾನನ ಮೂರನೆಯ ಪತ್ರಿಕೆಯನ್ನು ನಾವು ಸಾಮಾನ್ಯವಾಗಿ ಅತಿಥಿಸತ್ಕಾರದ ಪಾಠವೆಂದು ಓದಿ ಮುಗಿಸುತ್ತೇವೆ. ಆದರೆ 5ನೆಯ ವಚನದಲ್ಲಿ ಸಭೆಯ ಹಿರಿಯನು ಗಾಯನ ಕಾರ್ಯವನ್ನು ಸತ್ಕಾರವೆನ್ನದೆ ನಂಬಿಗಸ್ತಿಕೆಯೆನ್ನುತ್ತಾನೆ. ಅಲ್ಲಿರುವ ಗ್ರೀಕ್ ಪದವಾದ ‘ಪಿಸ್ಟೊನ್’, ನಂಬಿಕೆಯೆಂಬ ಪದದ ಧಾತುವಿನಿಂದಲೇ ಬಂದದ್ದು. ಗುರುತಿಲ್ಲದ ಸಹೋದರರಿಗೆ ಬಾಗಿಲು ತೆರೆದು, ಅವರನ್ನು ದೇವರಿಗೆ ತಕ್ಕಂತೆ ಸಾಗಕಳುಹಿಸುವವನು ಸತ್ಯಕ್ಕೇ ಸಹಕಾರಿಯಾಗುತ್ತಾನೆ (ವ. 6-8).

ದಿಯೊತ್ರೇಫನ ವಿಷಯದಲ್ಲಿ ಪತ್ರಿಕೆಯು ಹೇಳದೆ ಬಿಟ್ಟದ್ದು ಗಮನಾರ್ಹ. ಅವನ ಮೇಲೆ ದುರ್ಬೋಧನೆಯ ಆರೋಪವಿಲ್ಲ. ಅವನು ಪ್ರಥಮಸ್ಥಾನವನ್ನು ಬಯಸಿದನು, ಸಹೋದರರನ್ನು ಸೇರಿಸಿಕೊಳ್ಳಲಿಲ್ಲ, ಸೇರಿಸಿಕೊಳ್ಳಬಯಸಿದವರನ್ನೂ ಸಭೆಯಿಂದ ಹೊರಗೆ ಹಾಕಿದನು.

ಇಲ್ಲೊಂದು ಆಕ್ಷೇಪಣೆ ಏಳಬಹುದು: ಎರಡನೆಯ ಪತ್ರಿಕೆಯಲ್ಲಿ ಹಿರಿಯನೇ ಕೆಲವರನ್ನು ಮನೆಗೆ ಸೇರಿಸಬಾರದೆಂದು ಆಜ್ಞಾಪಿಸಲಿಲ್ಲವೇ? ಹೌದು. ಆದರೆ ಅಲ್ಲಿ ಬಾಗಿಲು ಮುಚ್ಚುವುದು ಕ್ರಿಸ್ತನು ಶರೀರಧಾರಿಯಾಗಿ ಬರುವವನೆಂಬ ಬೋಧನೆಯನ್ನು ಕಾಪಾಡುವುದಕ್ಕಾಗಿ. ಇಲ್ಲಿ ಮುಚ್ಚಿದ್ದು ಒಬ್ಬನ ಸ್ಥಾನವನ್ನು ಕಾಪಾಡುವುದಕ್ಕಾಗಿ. ಹೊರಗಿನಿಂದ ನೋಡುವವರಿಗೆ ಎರಡೂ ಎಚ್ಚರಿಕೆಯಂತೆಯೇ ಕಾಣುತ್ತವೆ. ಸಭಾಪಾಲನೆಯ ಅಪಾಯವು ಇದರಲ್ಲೇ ಅಡಗಿದೆ.

ಆದುದರಿಂದ ಸೇವಕರ ನಂಬಿಗಸ್ತಿಕೆಯನ್ನು ಪ್ರಸಂಗಪೀಠದಲ್ಲಿ ಮಾತ್ರ ಅಳೆಯುವ ನಮ್ಮ ರೂಢಿಯನ್ನು ಈ ಪತ್ರಿಕೆಯು ತಿದ್ದುತ್ತದೆ. ಗಾಯನ ಪ್ರೀತಿಗೆ ಸಭೆಯ ಮುಂದೆ ಸಾಕ್ಷಿ ಹೇಳಿದವರು ಅವನಿಂದ ಉಪಕಾರ ಹೊಂದಿದ ಪ್ರಯಾಣಿಕರೇ. ನಮ್ಮ ಬಾಗಿಲಿಗೆ ಬಂದು ಹೋದವರು ನಮ್ಮನ್ನು ಕುರಿತು ಏನೆಂದು ಸಾಕ್ಷಿ ಹೇಳಿಯಾರು?