ಅಣ್ಣ ಬಿಟ್ಟ ಹಾಡು, ತಮ್ಮ ಮುಗಿಸಿದ್ದು: ಬೀಚ್ ಬಾಯ್ಸ್ ಬಗ್ಗೆ ಒಂದು ತಕರಾರು



2025ರ ಜೂನ್ 11ರಂದು ಬ್ರಯಾನ್ ವಿಲ್ಸನ್ ತನ್ನ 82ನೇ ವಯಸ್ಸಿನಲ್ಲಿ ತೀರಿಕೊಂಡ. ಆಗ ನನ್ನ ಕಣ್ಣಿಗೆ ಬಿದ್ದ ಶ್ರದ್ಧಾಂಜಲಿಗಳಲ್ಲಿ ಹೆಚ್ಚಿನವು ಒಂದೇ ಕಥೆ ಹೇಳಿದವು. ಒಬ್ಬ ಮೇಧಾವಿ, ಅವನನ್ನು ಅರ್ಥ ಮಾಡಿಕೊಳ್ಳದ ಬಳಗ, ಅರ್ಧಕ್ಕೆ ನಿಂತ ಒಂದು ಮಹಾಕೃತಿ. ಕೇಳಲು ಚೆನ್ನಾಗಿಯೇ ಇದೆ. ಇದರಲ್ಲಿ ಸುಳ್ಳೂ ಇಲ್ಲ. ಆದರೆ ಈ ಕಥೆಯನ್ನು ನಂಬಿ ಕೂತರೆ ಬೀಚ್ ಬಾಯ್ಸ್ ತಂಡದ ಅತ್ಯಂತ ಮಾನವೀಯವಾದ ಐದಾರು ವರ್ಷಗಳು ನಮ್ಮ ಕೈ ತಪ್ಪಿಹೋಗುತ್ತವೆ ಎನ್ನುವುದೇ ನನ್ನ ತಕರಾರು.

ಮೊದಲು ಎಲ್ಲರಿಗೂ ಗೊತ್ತಿರುವ ಭಾಗ. 1961ರಲ್ಲಿ ಲಾಸ್ ಏಂಜಲೀಸ್ ಬಳಿಯ ಹಾಥಾರ್ನ್ ಎಂಬ ಊರಿನಲ್ಲಿ ಬ್ರಯಾನ್, ಡೆನಿಸ್, ಕಾರ್ಲ್ ಎಂಬ ಮೂವರು ಅಣ್ಣತಮ್ಮಂದಿರು, ಅವರ ಸೋದರಸಂಬಂಧಿ ಮೈಕ್ ಲವ್ ಮತ್ತು ಗೆಳೆಯ ಅಲ್ ಜಾರ್ಡಿನ್ ಸೇರಿ ಕಟ್ಟಿದ ತಂಡ ಇದು. ಹಾಡಿದ್ದು ಸಮುದ್ರ, ಸರ್ಫಿಂಗ್, ಕಾರು, ಹುಡುಗಿಯರ ಬಗ್ಗೆ. ತಮಾಷೆಯೆಂದರೆ ಐವರಲ್ಲಿ ನಿಜವಾಗಿ ಸರ್ಫಿಂಗ್ ಗೊತ್ತಿದ್ದವನು ಡೆನಿಸ್ ಒಬ್ಬನೇ! 1963ರ ‘ಸರ್ಫಿನ್ ಯು.ಎಸ್.ಎ.’ ಹಾಡಿನ ಧಾಟಿಯೂ ಸ್ವಂತದ್ದಲ್ಲ, ಚಕ್ ಬೆರಿಯದು. 1964ರಲ್ಲಿ ‘ಐ ಗೆಟ್ ಅರೌಂಡ್’ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಆ ವರ್ಷದ ಕೊನೆಯಲ್ಲಿ ಬ್ರಯಾನ್ ವಿಮಾನದಲ್ಲಿ ಕುಸಿದುಹೋದ. ಆಮೇಲೆ ಪ್ರವಾಸ ಬಿಟ್ಟು ಸ್ಟುಡಿಯೋ ಸೇರಿಕೊಂಡ. ಉಳಿದವರು ಊರೂರು ಸುತ್ತಿ ಹಾಡಿದರು, ಇವನು ಮನೆಯಲ್ಲಿ ಉಳಿದು ಕಟ್ಟಿದ.

ಹಾಗೆ ಕಟ್ಟಿದ್ದೇ 1966ರ ‘ಪೆಟ್ ಸೌಂಡ್ಸ್’. ಅದನ್ನು ಹೊಗಳಿ ಹೊಗಳಿ ಜನರಿಗೆ ಸಾಕಾಗಿರಬಹುದು, ಆದರೂ ಆ ಹೊಗಳಿಕೆಯಲ್ಲಿ ಉತ್ಪ್ರೇಕ್ಷೆ ಇಲ್ಲ. ಬಲಗಿವಿ ಹೆಚ್ಚುಕಡಿಮೆ ಕೇಳದ ಒಬ್ಬ 23ರ ಹುಡುಗ, ಯಾವ ವಾದ್ಯ ಯಾವುದರ ಜೊತೆ ಬೆರೆತರೆ ಮೂರನೆಯದೇ ಒಂದು ದನಿ ಹುಟ್ಟುತ್ತದೆ ಎಂದು ಹುಡುಕಿ ತೆಗೆದ ದಾಖಲೆ ಅದು. ಬ್ರಿಟನ್ನಿನಲ್ಲಿ ಎರಡನೇ ಸ್ಥಾನ ಪಡೆದ ಈ ಆಲ್ಬಮ್ ತನ್ನದೇ ದೇಶದಲ್ಲಿ ಹತ್ತರಲ್ಲಿ ನಿಂತಿತು.

ಆದರೆ ಸ್ವಲ್ಪ ಕಿವಿಗೊಟ್ಟು ಕೇಳಿ. ಆ ಆಲ್ಬಮ್ಮಿನ ಅತಿ ಸುಂದರ ಹಾಡು ‘ಗಾಡ್ ಓನ್ಲಿ ನೋಸ್’. ಅದನ್ನು ಬ್ರಯಾನ್ ತಾನೇ ಹಾಡಬಹುದಿತ್ತು, ಹಾಡಲಿಲ್ಲ. ತಮ್ಮ ಕಾರ್ಲ್‌ಗೆ ಕೊಟ್ಟ. ಅದೇ ವರ್ಷ ನಾಲ್ಕು ಸ್ಟುಡಿಯೋಗಳಲ್ಲಿ ತುಂಡು ತುಂಡಾಗಿ ಮುದ್ರಿಸಿ ಜೋಡಿಸಿದ ‘ಗುಡ್ ವೈಬ್ರೇಷನ್ಸ್’ ಹಾಡಿಗೂ ಮುಖ್ಯ ದನಿ ಕಾರ್ಲ್‌ನದು. ಅದರ ಸಾಹಿತ್ಯ ಎಲ್ಲರೂ ಖಳನಾಯಕ ಎನ್ನುವ ಮೈಕ್ ಲವ್‌ನದು. 1994ರಲ್ಲಿ ನ್ಯಾಯಾಲಯ 35 ಹಾಡುಗಳ ರಚನೆಯಲ್ಲಿ ಮೈಕ್‌ನ ಪಾಲನ್ನು ಒಪ್ಪಿಕೊಂಡಿತು. ಮನುಷ್ಯ ಜಗಳಗಂಟ ಇರಬಹುದು, ಆದರೆ ಲೆಕ್ಕ ಲೆಕ್ಕವೇ.

ಇನ್ನು ‘ಸ್ಮೈಲ್’. ವ್ಯಾನ್ ಡೈಕ್ ಪಾರ್ಕ್ಸ್ ಸಾಹಿತ್ಯದೊಂದಿಗೆ ಬ್ರಯಾನ್ ಕೈಹಾಕಿದ ಈ ಆಲ್ಬಮ್ 1967ರಲ್ಲಿ ನಿಂತುಹೋಯಿತು. ಮಾದಕ ವಸ್ತು, ಮನೋವ್ಯಾಧಿ, ತಂಡದೊಳಗಿನ ಅಸಮಾಧಾನ, ರೆಕಾರ್ಡ್ ಕಂಪನಿಯ ಜೊತೆ ವ್ಯಾಜ್ಯ, ಎಲ್ಲವೂ ಸೇರಿಕೊಂಡವು. ಮೇಧಾವಿಯ ಕಥೆ ಇಲ್ಲಿಗೆ ಪರದೆ ಎಳೆದು, ಸೀದಾ 2004ರಲ್ಲಿ ಬ್ರಯಾನ್ ಅದನ್ನು ಹೊಸದಾಗಿ ಹಾಡಿ ಹೊರತಂದ ದಿನಕ್ಕೆ ಹಾರುತ್ತದೆ.

ನಡುವೆ ಏನಾಯಿತು? ಮನೆಯ ಹಿರಿಮಗ ಮಂಚ ಹಿಡಿದ ಮೇಲೆ ಸಂಸಾರ ಹೇಗೆ ನಡೆಯುತ್ತದೋ ಹಾಗೆ ನಡೆಯಿತು. ಕಿರಿಯರು ಹೆಗಲು ಕೊಟ್ಟರು. ಆವರೆಗೆ ಡ್ರಮ್ಸ್ ಬಾರಿಸುವ ಚೆಲುವ ಎಂದಷ್ಟೇ ಹೆಸರಾಗಿದ್ದ ಡೆನಿಸ್ ಹಾಡು ಕಟ್ಟತೊಡಗಿದ. 1970ರ ‘ಸನ್‌ಫ್ಲವರ್’ ಆಲ್ಬಮ್ಮಿನಲ್ಲಿರುವ ಅವನ ‘ಫಾರೆವರ್’ ಯಾವ ಅಣ್ಣನ ಹಾಡಿಗೂ ತಲೆತಗ್ಗಿಸಬೇಕಿಲ್ಲ. 1971ರ ‘ಸರ್ಫ್ಸ್ ಅಪ್’ ಆಲ್ಬಮ್ಮಿನಲ್ಲಿ ಕಾರ್ಲ್ ‘ಫೀಲ್ ಫ್ಲೋಸ್’ ಕೊಟ್ಟ. ‘ಆಲ್ಮೋಸ್ಟ್ ಫೇಮಸ್’ ಸಿನಿಮಾದ ಕೊನೆಯಲ್ಲಿ ಹೆಸರುಗಳು ಓಡುವಾಗ ನೀವು ಅದನ್ನು ಕೇಳಿರುತ್ತೀರಿ. 1972ರಲ್ಲಿ ದಕ್ಷಿಣ ಆಫ್ರಿಕಾದ ಬ್ಲಾಂಡಿ ಚಾಪ್ಲಿನ್ ಮತ್ತು ರಿಕಿ ಫತಾರ್ ತಂಡ ಸೇರಿದರು. ಮರುವರ್ಷದ ‘ಸೇಲ್ ಆನ್, ಸೇಲರ್’ ಹಾಡಿನ ದನಿ ಬ್ಲಾಂಡಿಯದು. ಕ್ಯಾಲಿಫೋರ್ನಿಯಾದ ಬಿಳಿ ಹುಡುಗರ ತಂಡ ಎಂಬ ಚಿತ್ರಕ್ಕೆ ಒಗ್ಗದ ಸಂಗತಿಯಾದ್ದರಿಂದಲೋ ಏನೋ, ಇದನ್ನು ನೆನೆಯುವವರು ಕಡಿಮೆ.

ಎಲ್ಲವೂ ಚಿನ್ನವೇ ಎನ್ನುತ್ತಿಲ್ಲ. 1968ರಲ್ಲಿ ಮೈಕ್ ರಿಷಿಕೇಶಕ್ಕೆ ಹೋಗಿ ಮಹರ್ಷಿ ಮಹೇಶ್ ಯೋಗಿಯ ಶಿಷ್ಯನಾಗಿ ಬಂದ. ಆಮೇಲೆ ತಂಡ ಧ್ಯಾನದ ಮೇಲೊಂದು ಹಾಡು ಮಾಡಿತು. ಅದರಲ್ಲಿ ಧ್ಯಾನಕ್ಕಿಂತ ಗದ್ದಲವೇ ಜಾಸ್ತಿ. ವಿದ್ಯಾರ್ಥಿ ಚಳವಳಿಯ ಮೇಲೆ ಮೈಕ್ ಬರೆದದ್ದಂತೂ ಕೇಳಿದರೆ ಮುಜುಗರವಾಗುತ್ತದೆ. ಆದರೆ ಎಡವುತ್ತಾ ಮುಂದೆ ಹೋಗುವವರ ಎಡವಟ್ಟು ಅದು, ನಿಂತವರದ್ದಲ್ಲ.

ಈ ಅವಧಿಯ ಕೇಂದ್ರದಲ್ಲಿರುವುದು ‘ಸರ್ಫ್ಸ್ ಅಪ್’ ಎಂಬ ಹಾಡು. ‘ಸ್ಮೈಲ್’ಗಾಗಿ ಹುಟ್ಟಿ ಅರ್ಧಕ್ಕೆ ನಿಂತದ್ದು. 1971ರಲ್ಲಿ ಅದನ್ನು ಮುಗಿಸಲು ಹೊರಟಾಗ, 1966ರ ವಾದ್ಯಗಳ ಮೇಲೆ ಮೊದಲ ಭಾಗವನ್ನು ಕಾರ್ಲ್ ಹೊಸದಾಗಿ ಹಾಡಿದ. ಎರಡನೇ ಭಾಗಕ್ಕೆ 1966ರಲ್ಲಿ ಬ್ರಯಾನ್ ಒಬ್ಬನೇ ಪಿಯಾನೋ ಮುಂದೆ ಕೂತು ಹಾಡಿದ್ದನ್ನೇ ಉಳಿಸಿಕೊಂಡರು. ಕೊನೆಗೆ, ‘ಸ್ಮೈಲ್’ನದೇ ಇನ್ನೊಂದು ತುಣುಕನ್ನು ಎಲ್ಲರೂ ಸೇರಿ ಹಾಡಿ ಮುಗಿಸಿದರು. ಮೊದಲು ಹಿಂಜರಿದಿದ್ದ ಬ್ರಯಾನ್ ಕೂಡ ಕೊನೆಯ ಹಂತದಲ್ಲಿ ಕೈ ಜೋಡಿಸಿದ. ಬೇರೊಬ್ಬರು ಅರ್ಧಕ್ಕೆ ಬಿಟ್ಟ ಪ್ರೋಗ್ರಾಮನ್ನು ಕೈಗೆತ್ತಿಕೊಂಡವರಿಗೆ ಗೊತ್ತು, ಹಳೆಯದನ್ನು ಅಳಿಸಿ ಹೊಸದಾಗಿ ಬರೆಯುವುದು ಸುಲಭ. ಅವರ ಮನಸ್ಸು ಎಲ್ಲಿಗೆ ಹೊರಟಿತ್ತು ಎಂದು ಊಹಿಸಿ, ಅವರ ಸಾಲುಗಳನ್ನು ಕೆಡಿಸದೆ ಮುಂದುವರಿಸುವುದು ಕಷ್ಟ. ಆ ಹಾಡಿನಲ್ಲಿ ತಮ್ಮನ ದನಿ ನಿಂತು ಅಣ್ಣನ ಐದು ವರ್ಷ ಹಿಂದಿನ ದನಿ ಶುರುವಾಗುವ ಜಾಗ ಬಂದಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಹಾಗಾದರೆ ಈ ದಾರಿ ಯಾಕೆ ಮುಚ್ಚಿತು? 1974ರಲ್ಲಿ ಹಳೆಯ ಕಂಪನಿ ಕ್ಯಾಪಿಟಲ್, ‘ಎಂಡ್‌ಲೆಸ್ ಸಮ್ಮರ್’ ಎಂಬ ಜೋಡಿ ಎಲ್.ಪಿ. ಹೊರತಂದಿತು. ಅದರಲ್ಲಿದ್ದದ್ದು 1965ರವರೆಗಿನ ಹಾಡುಗಳು ಮಾತ್ರ. ‘ಸನ್‌ಫ್ಲವರ್’ ಅಮೆರಿಕದಲ್ಲಿ 151ನೇ ಸ್ಥಾನ ದಾಟಿರಲಿಲ್ಲ. ಈ ಹಳೇ ಹಾಡುಗಳ ಗಂಟು ಮೊದಲ ಸ್ಥಾನಕ್ಕೆ ಹೋಯಿತು! ವಿಯೆಟ್ನಾಂ, ವಾಟರ್‌ಗೇಟ್‌ಗಳಿಂದ ದಣಿದ ದೇಶಕ್ಕೆ ಏನೂ ಕೆಡದಿದ್ದ ಒಂದು ಬೇಸಿಗೆ ಬೇಕಾಗಿತ್ತು. ತಂಡ ಅದನ್ನೇ ಬಡಿಸುತ್ತಾ ಹೋಯಿತು. 1983ರಲ್ಲಿ ಡೆನಿಸ್ ಮರೀನಾ ಡೆಲ್ ರೇಯಲ್ಲಿ ಮುಳುಗಿ ಸತ್ತ. 1988ರಲ್ಲಿ ಬ್ರಯಾನ್ ಇಲ್ಲದೆಯೇ ‘ಕೊಕೊಮೊ’ ಮೊದಲ ಸ್ಥಾನ ಪಡೆಯಿತು. 1998ರಲ್ಲಿ ಕಾರ್ಲ್ ಕ್ಯಾನ್ಸರಿಗೆ ಬಲಿಯಾದ.

ತಂಡವನ್ನು ಬೈದು ಪ್ರಯೋಜನವಿಲ್ಲ. ಚಪ್ಪಾಳೆ ಎಲ್ಲಿ ಬಿತ್ತೋ ಅಲ್ಲಿ ನಿಂತರು. ಊರು ಬಿಟ್ಟ ವರ್ಷಕ್ಕೇ ಊರಿನ ಗಡಿಯಾರ ನಿಲ್ಲಿಸಿಕೊಂಡು, ಪ್ರತಿ ಕೂಟದಲ್ಲೂ ಅದೇ ನಾಲ್ಕು ಭಾವಗೀತೆಗಳನ್ನು ಹಾಡಿಸುವ ನಾವು ಆ ಪ್ರೇಕ್ಷಕರನ್ನು ನೋಡಿ ನಗುವ ಹಾಗೂ ಇಲ್ಲ.

ಆದರೆ ‘ಸ್ಮೈಲ್’ನ ಹಂಬಲವೂ ಅದೇ ಜಾತಿಯದು. ಒಬ್ಬರಿಗೆ ಮುಗಿಯದ ಬೇಸಿಗೆ ಬೇಕು, ಇನ್ನೊಬ್ಬರಿಗೆ ಮುಗಿಯದ ಕೃತಿ. ಅವೆರಡರ ನಡುವೆ, ಕೈಲಾದಷ್ಟು ಮುಗಿಸಿಕೊಟ್ಟವರು ಮರೆತುಹೋಗುತ್ತಾರೆ. ಸಮಾಧಾನದ ಮಾತೆಂದರೆ, 2021 ಮತ್ತು 2022ರಲ್ಲಿ ಈ ಅವಧಿಯ ಧ್ವನಿಮುದ್ರಣಗಳು ದೊಡ್ಡ ಸಂಪುಟಗಳಾಗಿ ಬಂದಿವೆ.

ಈ ವಾರಾಂತ್ಯ ಬಿಡುವಾದರೆ ‘ಪೆಟ್ ಸೌಂಡ್ಸ್’ ಪಕ್ಕಕ್ಕಿಟ್ಟು ‘ಸನ್‌ಫ್ಲವರ್’ ಕೇಳಿ, ಆಮೇಲೆ ‘ಸರ್ಫ್ಸ್ ಅಪ್’. ಒಪ್ಪದಿದ್ದರೆ ಖಂಡಿತ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಜಗಳವಾಡೋಣ.