ಗಾಜಿಗೆ ಇಳಿದ ಕಾಗೆ: ಸಿಯಾಟಲ್‌ನ ಗಾಜುಕಲೆ ಮತ್ತು ಕಲಿಕೆಯ ಎರಡು ಕ್ರಮಗಳು

ಸಣ್ಣ ಸಮುದಾಯವೊಂದರ ಕಲೆ ತನ್ನದಲ್ಲದ ಮಾಧ್ಯಮಕ್ಕೆ ದಾಟಿದಾಗ ಅದನ್ನು ವಿಸ್ತರಣೆ ಎನ್ನಬೇಕೇ, ನಷ್ಟ ಎನ್ನಬೇಕೇ ಎಂಬ ಪ್ರಶ್ನೆ ಭಾಷಾ ಅಲ್ಪಸಂಖ್ಯಾತರ ನಡುವೆ ಕೆಲಸ ಮಾಡುವವರಿಗೆ ಹೊಸದಲ್ಲ. ಸಾಮಾನ್ಯವಾಗಿ ನಾವು ಈ ಪ್ರಶ್ನೆಯನ್ನು ಅನುವಾದದ ನೆಲೆಯಲ್ಲಿ ಚರ್ಚಿಸುತ್ತೇವೆ. ಇಲ್ಲಿ ಅದನ್ನು ಗಾಜಿನ ನೆಲೆಯಲ್ಲಿ ಪರಿಶೀಲಿಸುವುದು ನನ್ನ ಉದ್ದೇಶ. ಅಮೆರಿಕದ ವಾಯವ್ಯ ಕರಾವಳಿಯ ಸಿಯಾಟಲ್ ನಗರದಲ್ಲಿ ಬೆಳೆದ ಗಾಜುಕಲೆಯ ಪರಿಸರವೂ, ಆ ಪರಿಸರದಲ್ಲಿ ಕಲಿತ ಟ್ಲಿಂಗಿಟ್ ಕಲಾವಿದ ಪ್ರೆಸ್ಟನ್ ಸಿಂಗಲ್ಟರಿ ಅವರ ಕೃತಿಗಳೂ ಈ ಚರ್ಚೆಗೆ ಆಧಾರ.

ಸಿಯಾಟಲ್‌ನ ಗಾಜುಕಲೆಗೆ ಹಳೆಯ ಪರಂಪರೆಯಿಲ್ಲ. ಕಾರ್ಖಾನೆಯ ಹೊರಗೆ, ಕಲಾವಿದನೊಬ್ಬ ತನ್ನ ಚಿಕ್ಕ ಕುಲುಮೆಯಲ್ಲೇ ಗಾಜನ್ನು ಕರಗಿಸಿ ಕೆಲಸ ಮಾಡಬಹುದೆಂಬುದನ್ನು ಹಾರ್ವಿ ಲಿಟಲ್‌ಟನ್ ಮತ್ತು ಡಾಮಿನಿಕ್ ಲಬೀನೋ ತೋರಿಸಿದ್ದು 1962ರಲ್ಲಿ, ಟೊಲೀಡೋ ನಗರದ ಕಾರ್ಯಾಗಾರಗಳಲ್ಲಿ. ಲಿಟಲ್‌ಟನ್ ಅವರ ಶಿಷ್ಯ ಡೇಲ್ ಚಿಹೂಲಿ 1968ರಲ್ಲಿ ವೆನಿಸ್ ಬಳಿಯ ಮುರಾನೋ ದ್ವೀಪಕ್ಕೆ ಹೋಗಿ, ಅಲ್ಲಿನ ಕುಶಲಕರ್ಮಿಗಳು ತಂಡವಾಗಿ ದುಡಿಯುವ ಕ್ರಮವನ್ನು ಕಂಡು ಬಂದರು. 1971ರಲ್ಲಿ, ಜಾನ್ ಮತ್ತು ಆನ್ ಹೌಬರ್ಗ್ ಅವರ ನೆರವಿನಿಂದ, ಸಿಯಾಟಲ್‌ನ ಉತ್ತರಕ್ಕಿರುವ ಕಾಡಿನಲ್ಲಿ ಪಿಲ್ಚಕ್ ಶಾಲೆ ಹುಟ್ಟಿತು. ಇಂದು ನಗರದಲ್ಲಿ ಶುಲ್ಕ ತೆತ್ತ ಯಾರಾದರೂ ಸಂಜೆಯ ತರಗತಿಗೆ ಸೇರಿ ಊದುಕೊಳವೆಯನ್ನು ಕೈಗೆತ್ತಿಕೊಳ್ಳಬಹುದು. ನೆರೆಯ ಟಕೋಮಾದಲ್ಲಿ 2002ರಲ್ಲಿ ತೆರೆದ ಗಾಜಿನ ವಸ್ತುಸಂಗ್ರಹಾಲಯದಲ್ಲಂತೂ ಕುಲುಮೆಯ ಸುತ್ತ ಪ್ರೇಕ್ಷಕರಿಗೆ ಆಸನಗಳೇ ಇವೆ.

ಈ ತೆರೆದ ಬಾಗಿಲಿನ ಮಹತ್ವ ತಿಳಿಯಬೇಕಾದರೆ ಮುರಾನೋದ ಮುಚ್ಚಿದ ಬಾಗಿಲನ್ನು ನೆನೆಯಬೇಕು. ವೆನಿಸ್ ಗಣರಾಜ್ಯ 1291ರಲ್ಲಿ ಗಾಜಿನ ಕುಲುಮೆಗಳನ್ನು ಆ ದ್ವೀಪಕ್ಕೆ ಸ್ಥಳಾಂತರಿಸಿತು. ಮುಂದೆ ಕುಶಲಕರ್ಮಿಗಳು ವಿದ್ಯೆಯೊಡನೆ ಹೊರನಾಡಿಗೆ ಹೋಗದಂತೆ ಕಟ್ಟುಪಾಡುಗಳು ಬಂದವು. ವಿದ್ಯೆ ತಂದೆಯಿಂದ ಮಗನಿಗೆ, ಒಡೆಯನಿಂದ ಆಳಿಗೆ ಇಳಿಯಿತು. ಆ ದ್ವೀಪದಲ್ಲೇ ಹುಟ್ಟಿ ಬೆಳೆದ ಲೀನೋ ತಾಲ್ಯಾಪಿಯೇತ್ರ 1979ರಲ್ಲಿ ಪಿಲ್ಚಕ್‌ಗೆ ಬಂದು ಅಮೆರಿಕನ್ ಯುವಕರಿಗೆ ಪಾಠ ಹೇಳಿದ್ದು ತವರಿನಲ್ಲಿ ಅಸಮಾಧಾನಕ್ಕೆ ಕಾರಣವಾಯಿತು. ಸಿಯಾಟಲ್ ತನ್ನ ಕಥೆಯನ್ನು ಹೇಳಿಕೊಳ್ಳುವಾಗ ಈ ಘಟನೆಯನ್ನು ವಿಮೋಚನೆಯ ಕ್ಷಣವಾಗಿ ಚಿತ್ರಿಸುತ್ತದೆ: ಗುಟ್ಟು ಬಯಲಾಯಿತು, ವಿದ್ಯೆ ಎಲ್ಲರದಾಯಿತು.

ಈ ಕಥನದಲ್ಲಿ ಸತ್ಯವಿದೆ ಎಂಬುದಕ್ಕೆ ನನ್ನ ಅನುಭವವೇ ಸಾಕ್ಷಿ. ಸಂಶೋಧನೆಗೆಂದು ಆ ನಗರದಲ್ಲಿದ್ದಾಗ ನಾನೂ ಆರಂಭಿಕರ ತರಗತಿಯೊಂದಕ್ಕೆ ಸೇರಿದ್ದೆ. ಸುಮಾರು 1100 ಡಿಗ್ರಿ ಸೆಲ್ಸಿಯಸ್ ಕಾವಿನ ಕುಲುಮೆಯಿಂದ ಕೊಳವೆಯ ತುದಿಗೆ ಸುತ್ತಿಕೊಂಡು ಬರುವ ಗಾಜು ಜೇನಿನಂತೆ ಜೋಲುತ್ತದೆ. ಕೊಳವೆಯನ್ನು ತಿರುಗಿಸುವುದನ್ನು ಒಂದು ಕ್ಷಣ ಮರೆತರೂ ನೆಲದ ಕಡೆಗೆ ವಾಲುತ್ತದೆ. ಅದನ್ನು ದುಂಡಗಾಗಿಸುವ ಸಾಧನ ನೀರಲ್ಲಿ ನೆನೆಸಿ ಮಡಿಸಿದ ದಿನಪತ್ರಿಕೆಯ ಕಂತೆ. ಒಬ್ಬರು ಊದಬೇಕು, ಇನ್ನೊಬ್ಬರು ತಿರುಗಿಸಬೇಕು, ಮತ್ತೊಬ್ಬರು ಬಾಗಿಲು ತೆರೆಯಬೇಕು. ನನ್ನ ಸೊಟ್ಟ ಲೋಟ ಇರುಳಿಡೀ ತಣಿಸುವ ಪೆಟ್ಟಿಗೆಯಲ್ಲಿದ್ದು ಒಡೆಯದೆ ಹೊರಬಂತು. ನಾನು ಯಾವ ಮನೆತನದವಳು, ಇದನ್ನು ಕಲಿಯುವ ಹಕ್ಕು ನನಗೆಲ್ಲಿಂದ ಬಂತು ಎಂದು ಅಲ್ಲಿ ಯಾರೂ ಕೇಳಲಿಲ್ಲ. ಹಾಗೆ ಕೇಳದಿರುವುದು ಆ ನಗರದ ದೊಡ್ಡ ಗುಣ. ಆದರೆ ಆ ಗುಣವೇ ಅಲ್ಲಿನ ಕಲಾವಿಮರ್ಶೆಯ ಮಿತಿಯೂ ಆಗಿದೆ ಎಂಬುದು ನನ್ನ ವಾದ.

ಏಕೆಂದರೆ ಅದೇ ಕರಾವಳಿಯ ಮೂಲನಿವಾಸಿಗಳಲ್ಲಿ ಮೊದಲು ಕೇಳುವ ಪ್ರಶ್ನೆಯೇ ಅದು. ಟ್ಲಿಂಗಿಟ್ ಸಮಾಜದಲ್ಲಿ ಹಾಡು, ಹೆಸರು, ಲಾಂಛನ, ಕುಲದ ಇತಿಹಾಸ ಇವೆಲ್ಲಕ್ಕೂ ಒಡೆತನವಿದೆ. 'ಅಟ್‌ಊವ್' ಎಂಬ ಅವರ ಪರಿಕಲ್ಪನೆಯನ್ನು ನೋರಾ ಮಾರ್ಕ್ಸ್ ಡೌಯೆನ್‌ಹಾವರ್ ಮತ್ತು ರಿಚರ್ಡ್ ಡೌಯೆನ್‌ಹಾವರ್ ತಮ್ಮ ಮೌಖಿಕ ಸಾಹಿತ್ಯದ ಸಂಪುಟಗಳಲ್ಲಿ ವಿಸ್ತಾರವಾಗಿ ವಿವರಿಸಿದ್ದಾರೆ. ಸ್ಥೂಲವಾಗಿ ಅದರ ಅರ್ಥ ಬೆಲೆ ತೆತ್ತು ಪಡೆದ, ಕುಲದ ಸ್ವತ್ತಾದ ವಸ್ತು. ಆ ಬೆಲೆ ಅನೇಕ ವೇಳೆ ಪೂರ್ವಿಕರ ಪ್ರಾಣವೇ ಆಗಿರುತ್ತದೆ. ಅಂಥ ಕಥೆಯನ್ನು ಚೆನ್ನಾಗಿ ಹೇಳಬಲ್ಲವನಿಗೆಲ್ಲ ಅದನ್ನು ಹೇಳುವ ಅಧಿಕಾರ ಇರುವುದಿಲ್ಲ.

ಸಿಂಗಲ್ಟರಿ ಈ ಎರಡು ಲೋಕಗಳ ನಡುವೆ ಬೆಳೆದವರು. 1963ರಲ್ಲಿ ಹುಟ್ಟಿ ಸಿಯಾಟಲ್‌ನಲ್ಲಿ ಬೆಳೆದ ಅವರು 1980ರ ದಶಕದ ಆರಂಭದಲ್ಲಿ ಗಾಜಿನ ಕಾರ್ಯಾಗಾರವೊಂದಕ್ಕೆ ಸೇರಿದ್ದು ರಾತ್ರಿ ಕಾವಲುಗಾರರಾಗಿ. ಮೊದಲು ಕರಗತವಾದದ್ದು ಯುರೋಪಿನ ಶೈಲಿ; ತಮ್ಮ ಪೂರ್ವಿಕರ ವಿನ್ಯಾಸದತ್ತ ಅವರು ಹೊರಳಿದ್ದು ಆಮೇಲೆ. ಆ ವಿನ್ಯಾಸದ ವ್ಯಾಕರಣವನ್ನು 1965ರಲ್ಲಿ ಗ್ರಂಥರೂಪಕ್ಕೆ ತಂದವರು ಮೂಲನಿವಾಸಿಯಲ್ಲದ ಸಿಯಾಟಲ್‌ನ ವಿದ್ವಾಂಸ ಬಿಲ್ ಹೋಲ್ಮ್. ವಸ್ತುಸಂಗ್ರಹಾಲಯಗಳಲ್ಲಿದ್ದ ಪೆಟ್ಟಿಗೆ, ಬಟ್ಟಲುಗಳನ್ನು ವಿಶ್ಲೇಷಿಸಿ, ಎಲ್ಲೂ ಕಡಿಯದೆ ಉಬ್ಬುತ್ತ ತೆಳುವಾಗುತ್ತ ಹರಿಯುವ ರೇಖೆಗೆ ಅವರು 'ಫಾರ್ಮ್‌ಲೈನ್' ಎಂದು ಹೆಸರಿಟ್ಟರು. ಪರಂಪರೆ ಕಡಿದುಹೋಗಿದ್ದ ಎಡೆಯಲ್ಲಿ ಮೂಲನಿವಾಸಿ ಕಲಾವಿದರಲ್ಲೂ ಹಲವರು ಆ ಗ್ರಂಥದಿಂದಲೇ ಮರಳಿ ಕಲಿತರು. ಕಿಟೆಲ್ ಅವರ ನಿಘಂಟನ್ನು ಇಂದಿಗೂ ತೆರೆಯುವ ನಮಗೆ ಇದು ಅಚ್ಚರಿಯಾಗಬೇಕಿಲ್ಲ. ಹೊರಗಿನವರು ಬರೆದ ವ್ಯಾಕರಣದಿಂದ ಮನೆಮಾತನ್ನು ಕಲಿಯುವುದು ಅಪಮಾನವಲ್ಲ. ಅಲ್ಲಿಗೇ ನಿಂತುಬಿಡುವುದು ಮಾತ್ರ ಕೊರತೆ.

ಸಿಂಗಲ್ಟರಿ ಅವರ ಕೃತಿಗಳಲ್ಲಿ ರೂಪುಗೊಳ್ಳುವ ಕ್ರಮವೇ ದ್ವಿಭಾಷಿಕವಾದುದು. ಮೊದಲ ಹಂತದಲ್ಲಿ ತಂಡವೊಂದು ಮುರಾನೋದ ಕ್ರಮದಲ್ಲಿ ಬಿಸಿಗಾಜನ್ನು ಊದಿ, ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣದ ಪದರ ಬರುವಂತೆ ಪಾತ್ರೆಯನ್ನು ರೂಪಿಸುತ್ತದೆ. ಅದು ತಣಿದ ಮೇಲೆ, ಉಳಿಯಬೇಕಾದ ರೇಖೆಗಳನ್ನು ಮರೆಮಾಡಿ, ಗಾಳಿಯ ಒತ್ತಡದಿಂದ ಮರಳನ್ನು ಚಿಮ್ಮಿಸಿ ಉಳಿದ ಮೇಲ್ಪದರವನ್ನು ಕೊರೆಯಲಾಗುತ್ತದೆ. ಬೇರಿನ ನಾರಿನಿಂದ ಹೆಣೆಯುತ್ತಿದ್ದ ಟ್ಲಿಂಗಿಟ್ ಟೋಪಿಗಳ ಆಕಾರವನ್ನು ಅವರು ಹೀಗೆ ಗಾಜಿನಲ್ಲಿ ಮಾಡಿದ್ದಾರೆ. ಬೆಳಕು ಬಿದ್ದಾಗ ಟೋಪಿಯ ವಿನ್ಯಾಸ ಕೆಳಗಿನ ಪೀಠದ ಮೇಲೆ ನೆರಳಾಗಿ ಹರಡುತ್ತದೆ. ನಾರಿನ ಟೋಪಿ ಇದನ್ನು ಮಾಡಲಾರದು. ಆದರೆ ಗಾಜಿನ ಟೋಪಿಯನ್ನು ಯಾರೂ ತಲೆಗೆ ಧರಿಸಿ ಕುಣಿಯಲಾರರು. ಬಳಕೆಯ ವಸ್ತು ಇಲ್ಲಿ ಉಲ್ಲೇಖವಾಗಿದೆ. ಗಳಿಕೆ ಮತ್ತು ನಷ್ಟ ಎರಡೂ ಒಂದೇ ವಸ್ತುವಿನಲ್ಲಿ ಕಾಣುವುದರಿಂದಲೇ ಈ ಟೋಪಿಗಳು ಅವರ ಅತ್ಯಂತ ಪ್ರಾಮಾಣಿಕ ಕೃತಿಗಳೆಂದು ನನಗನಿಸುತ್ತದೆ.

2018ರಲ್ಲಿ ಟಕೋಮಾದಲ್ಲಿ ಆರಂಭವಾದ, ಕಾಗೆಯೂ ಬೆಳಕಿನ ಪೆಟ್ಟಿಗೆಯೂ ವಸ್ತುವಾದ ಪ್ರದರ್ಶನದ ಬಗ್ಗೆ ಇಷ್ಟು ನಿಸ್ಸಂಶಯವಾಗಿ ಹೇಳಲಾರೆ. ಲೋಕವೆಲ್ಲ ಕತ್ತಲಾಗಿದ್ದಾಗ ಮುದುಕನೊಬ್ಬ ನಕ್ಷತ್ರ, ಚಂದ್ರ, ಹಗಲುಗಳನ್ನು ಪೆಟ್ಟಿಗೆಗಳಲ್ಲಿ ಮುಚ್ಚಿಟ್ಟಿದ್ದ. ಕಾಗೆ ಅವನ ಮಗಳ ಹೊಟ್ಟೆಯಲ್ಲಿ ಮೊಮ್ಮಗನಾಗಿ ಹುಟ್ಟಿ, ಅತ್ತು ರಂಪಮಾಡಿ ಒಂದೊಂದೇ ಪೆಟ್ಟಿಗೆಯನ್ನು ಪಡೆದು ಎಲ್ಲವನ್ನೂ ಲೋಕಕ್ಕೆ ಬಿಟ್ಟಿತು ಎಂಬುದು ಕಥೆ. ಬಿಳಿಯ ಕಾಗೆ ಹೊಗೆಕಂಡಿಯಲ್ಲಿ ಹಾರಿಹೋಗುವಾಗ ಕಪ್ಪಾಯಿತು. ಪ್ರದರ್ಶನದ ಚಲಿಸುವ ಬೆಳಕು ಮತ್ತು ಧ್ವನಿ ಕಥೆಯ ಈ ಕುಚೋದ್ಯವನ್ನು ಭವ್ಯತೆಯಲ್ಲಿ ಮುಳುಗಿಸುತ್ತವೆ ಎಂಬುದು ನನ್ನ ಆಕ್ಷೇಪ. ಆದರೆ ಕಥೆಯ ಆಯ್ಕೆಯಲ್ಲಿ ದೊಡ್ಡ ವಿವೇಕವಿದೆ. ಕುಲದ ಇತಿಹಾಸಗಳಂತೆ ಕಾಗೆಯ ಕಥೆಗಳು ಒಂದೇ ಕುಲದ ಸ್ವತ್ತಲ್ಲ. ಅವು ಟ್ಲಿಂಗಿಟರೆಲ್ಲರ ನಡುವೆ ಹರಿದಾಡುವಂಥವು. ಜೊತೆಗೆ, ಕಥೆಗಾರ ವಾಲ್ಟರ್ ಪೋರ್ಟರ್ ಎಂಬ ಟ್ಲಿಂಗಿಟ್ ಹಿರಿಯರ ಋಣವನ್ನು ಕಲಾವಿದರು ಬಹಿರಂಗವಾಗಿ ಸ್ಮರಿಸಿದ್ದಾರೆ. ಯಾವುದನ್ನು ಎಲ್ಲರ ಮುಂದೆ ತೆರೆಯಬಹುದು, ಯಾರ ಹೆಸರು ಹೇಳಿ ತೆರೆಯಬೇಕು ಎಂಬ ಎಚ್ಚರ ಇಲ್ಲಿದೆ. ಬಾಗಿಲು ತೆರೆದಿರುವುದನ್ನೇ ಏಕೈಕ ಮೌಲ್ಯವೆಂದು ಭಾವಿಸುವ ವಿಮರ್ಶೆ, ಕಾಗೆಯನ್ನು ಮೆಚ್ಚುತ್ತಲೇ ಈ ಎಚ್ಚರವನ್ನು ಕಾಣದೆ ಹೋಗುತ್ತದೆ.

ಹೀಗಾಗಿ ವಿದ್ಯೆಯ ಎರಡು ಕ್ರಮಗಳನ್ನು ಬೇರ್ಪಡಿಸಿ ನೋಡುವುದು ಅಗತ್ಯ. ಕೈಚಳಕ ಹಂಚಿದಷ್ಟೂ ಬೆಳೆಯುತ್ತದೆ. ತಾಲ್ಯಾಪಿಯೇತ್ರ ಅವರ ನಿರ್ಧಾರವನ್ನು ನಾನು ಪೂರ್ಣವಾಗಿ ಸಮರ್ಥಿಸುತ್ತೇನೆ. ಕಥೆ ಮಾತ್ರ ಉತ್ತರದಾಯಿತ್ವವನ್ನು ಬೇಡುತ್ತದೆ. ಕಾಸರಗೋಡಿನ ಯಕ್ಷಗಾನ ತುಳುವಿನಲ್ಲೂ ಮಲಯಾಳದಲ್ಲೂ ರಂಗವೇರಿದಾಗ ನಾವು ನಡೆಸುವ ವಾದಗಳಲ್ಲಿ ಈ ಎರಡೂ ಬೆರೆತುಹೋಗುತ್ತವೆ: ಕುಣಿತವನ್ನು ಕಲಿಸುವುದನ್ನೇ ಕಳೆದುಕೊಳ್ಳುವುದೆಂದು ಕೆಲವರು ಭಯಪಡುತ್ತಾರೆ, ಕುಣಿತ ಉಳಿದರೆ ಎಲ್ಲವೂ ಉಳಿಯಿತೆಂದು ಇನ್ನು ಕೆಲವರು ಸಮಾಧಾನಪಡುತ್ತಾರೆ.

ಆ ಸಮಾಧಾನ ಸಲ್ಲದೆಂಬುದಕ್ಕೆ ಪ್ರದರ್ಶನದ ಒಂದು ಶೀರ್ಷಿಕೆಯೇ ಸಾಕು. ಬಿಳಿಯ ಕಾಗೆಗೆ ಕಲಾವಿದರು ಟ್ಲಿಂಗಿಟ್ ಹೆಸರನ್ನೇ ಇಟ್ಟಿದ್ದಾರೆ: 'ಡ್ಲೇಟ್ ಯೇಲ್'. ಕೊನೆಯ ಲಕಾರ ನಮ್ಮ ಲಕಾರವಲ್ಲ. ನಾಲಿಗೆಯ ಬದಿಯಿಂದ ಬರಿಯ ಉಸಿರು ಹೊರಡುವ ಅಘೋಷ ಧ್ವನಿ ಅದು. ಕನ್ನಡ ಲಿಪಿಯಲ್ಲಾಗಲಿ ಇಂಗ್ಲಿಷ್ ಓದಿನಲ್ಲಾಗಲಿ ಅದಕ್ಕೆ ಸ್ಥಾನವಿಲ್ಲ. ಗಾಜು ಕಾಗೆಯ ರೇಖೆಯನ್ನು ದಾಟಿಸಿದೆ, ಕಥೆಯನ್ನೂ ಬಹುಮಟ್ಟಿಗೆ ದಾಟಿಸಿದೆ. ಆ ಲಕಾರವನ್ನು ದಾಟಿಸುವ ಕೆಲಸ ಈಗಲೂ ಹಿರಿಯರೊಬ್ಬರ ಎದುರು ಕುಳಿತ ಮಗುವಿನದೇ.